ಕರೆಂಟ್ ಹೋದ ಮೇಲೆ ಗಿಟ್‌ನಲ್ಲಿ ಉಳಿದ ಲಾಕ್ ಫೈಲು

ಪ್ರಶ್ನೆ: ಬ್ಯಾಸಗ್ಯಾಗ ಕರೆಂಟ್ ಹೋಗೋದು ಇದ್ದದ್ದೇ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ನಡಕ ಬಂದ್ ಆತು. ಈಗ ಕೋಡಿನ ಬದಲಾವಣೆಗಳ ದಾಖಲೆ ಇಡೋ ಗಿಟ್‌ನ್ಯಾಗ ಕಮಿಟ್ (ಬದಲಾವಣೆ ದಾಖಲಿಸೋ ಆಜ್ಞೆ) ಕೊಟ್ರ ‘ಇಂಡೆಕ್ಸ್.ಲಾಕ್ ಫೈಲ್ ಅದ’ ಅಂತ ನಿಲ್ತದ. ಅಳಿಸಿದ್ರ ಕೆಲಸ ಹೋಗ್ತದೇನ್ರಿ? ರೆಪೊನೂ (ಗಿಟ್ ನೋಡಿಕೊಳ್ಳೋ ಪ್ರಾಜೆಕ್ಟ್ ಫೋಲ್ಡರ್) ಭಾಳ ದಪ್ಪ ಆಗ್ಯಾದ.
– ಓದುಗರೊಬ್ಬರು, ಕಲಬುರಗಿ

ಉತ್ತರ: ಹೋಗುವುದಿಲ್ಲ. ಇಂಡೆಕ್ಸ್.ಲಾಕ್ ಬರೀ ಚಿಲಕವಲ್ಲ. ಗಿಟ್ ಹೊಸ ಇಂಡೆಕ್ಸನ್ನು (ಮುಂದಿನ ಕಮಿಟಿಗೆ ಹೋಗುವ ಫೈಲುಗಳ ಪಟ್ಟಿ) ಮೊದಲು ಇದರೊಳಗೇ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸಿ ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ನಿಮ್ಮಲ್ಲಿ ಉಳಿದದ್ದು ಹೆಸರು ಬದಲಾಗದ ಪ್ರತಿ. ಹಳೆಯ ಇಂಡೆಕ್ಸ್ ಪಕ್ಕದಲ್ಲೇ ಇದೆ. ಹೆಚ್ಚೆಂದರೆ ಫೈಲುಗಳನ್ನು ಆ ಪಟ್ಟಿಗೆ ಸೇರಿಸುವ ಕೊನೆಯ ‘ಗಿಟ್ ಆ್ಯಡ್’ ಮತ್ತೆ ಕೊಡಬೇಕಾದೀತು.

ಆದರೆ ಬೇರೆ ಗಿಟ್ ಓಡುತ್ತಿರುವಾಗ ಅಳಿಸಿದರೆ ಇಬ್ಬರು ಒಂದೇ ಇಂಡೆಕ್ಸ್ ಬರೆದಂತಾಗುತ್ತದೆ. ಎಡಿಟರ್ ಮುಚ್ಚಿ, ಹಿನ್ನೆಲೆಯಲ್ಲಿ ಆಗಾಗ ಗಿಟ್ ಓಡಿಸುವುದು ಬಹಳ ಸಲ ಅದೇ. ಟಾಸ್ಕ್ ಮ್ಯಾನೇಜರಿನಲ್ಲೂ ನೋಡಿ. ಇನ್ನೂ ಖಚಿತ ಗುರುತು ಬೇಕೆಂದರೆ ಲಾಕ್ ಫೈಲಿನ ಸಮಯ: ಕಂಪ್ಯೂಟರ್ ಮತ್ತೆ ಚಾಲೂ ಆಗುವ ಮೊದಲಿನದಾದರೆ ಅದಕ್ಕೆ ವಾರಸುದಾರರಿಲ್ಲ, ತೆಗೆಯಿರಿ.

ಇದೇ ರೀತಿ ಹೆಡ್.ಲಾಕ್, ಕಾನ್ಫಿಗ್.ಲಾಕ್, ಪ್ಯಾಕ್ಡ್-ರೆಫ್ಸ್.ಲಾಕ್ ಉಳಿದಿರಬಹುದು. ರೆಫ್ಸ್ ಫೋಲ್ಡರಿನಲ್ಲಿ ಬ್ರಾಂಚಿನ (ಕೆಲಸದ ಕವಲು) ಹೆಸರಿನ ಲಾಕ್ ಇದ್ದರೆ ಸರ್ವರಿನಿಂದ ಬದಲಾವಣೆ ತರುವ ಫೆಚ್, ಪುಲ್ ನಿಲ್ಲುತ್ತವೆ. ಬ್ರಾಂಚಿನ ಹೆಸರು ‘.ಲಾಕ್’ ಎಂದು ಮುಗಿಯಲು ಗಿಟ್ ಬಿಡುವುದೇ ಇಲ್ಲ, ಹಾಗಾಗಿ ಅಲ್ಲಿ ಗೊಂದಲವಿಲ್ಲ. ಹುಡುಕಾಟ ಮಾತ್ರ ‘.ಗಿಟ್’ ಫೋಲ್ಡರಿನ ಒಳಗೇ ಇರಲಿ. ಹೊರಗೆ ನಿಂತು ಲಾಕ್ ಹೆಸರಿನವನ್ನೆಲ್ಲ ಗುಡಿಸಿದರೆ ಯಾರ್ನ್.ಲಾಕ್, ಕಾರ್ಗೋ.ಲಾಕ್ ಕೂಡ ಹೋಗುತ್ತವೆ. ಅವು ನಿಮ್ಮ ಪ್ರಾಜೆಕ್ಟಿನ ಫೈಲುಗಳು. ಕಸ ಗುಡಿಸುವ ‘ಗಿಟ್ ಜಿಸಿ’ ಬಿಟ್ಟ ಜಿಸಿ.ಪಿಐಡಿ ಫೈಲು ಕಂಡರೆ ಬಿಡಿ, 12 ತಾಸು ದಾಟಿದರೆ ಗಿಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ದಪ್ಪಗಾದದ್ದಕ್ಕೆ ಲಾಕ್ ಕಾರಣವಲ್ಲ. ಫೆಚ್ ಅರ್ಧಕ್ಕೆ ನಿಂತರೆ ಆಬ್ಜೆಕ್ಟ್ಸ್ ಒಳಗಿನ ಪ್ಯಾಕ್ ಫೋಲ್ಡರಿನಲ್ಲಿ ‘ಟಿಎಂಪಿ_ಪ್ಯಾಕ್’ ಎಂದು ಶುರುವಾಗುವ ಫೈಲು ಬೀಳುತ್ತದೆ. ‘ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿ’ ಕೊಟ್ಟರೆ ‘ಸೈಜ್-ಗಾರ್ಬೇಜ್’ ಸಾಲಿನಲ್ಲಿ ಲೆಕ್ಕ ಸಿಗುತ್ತದೆ. ಎರಡು ವಾರ ಹಳೆಯದಾದವನ್ನು ‘ಗಿಟ್ ಜಿಸಿ’ ತೆಗೆಯುತ್ತದೆ; ಗಿಟ್ ಓಡುತ್ತಿಲ್ಲವೆಂದರೆ ಕೈಯಿಂದಲೂ ಅಳಿಸಬಹುದು.

ನಿಜವಾಗಿ ಹೆದರಬೇಕಾದ್ದು ಖಾಲಿ ಆಬ್ಜೆಕ್ಟಿಗೆ, ಅಂದರೆ ಗಿಟ್ ನಿಮ್ಮ ಕೆಲಸವನ್ನು ಕೂಡಿಡುವ ಫೈಲಿಗೆ. ಹೊಸ ಕಮಿಟ್ ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟ್ ಹೋದರೆ ಸೊನ್ನೆ ಬೈಟಿನ ಫೈಲು ಉಳಿಯಬಹುದು. ರೆಪೊದ ದೋಷ ಹುಡುಕುವ ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿ ನೋಡಿ. ಅದು ಕೆಟ್ಟ ಆಬ್ಜೆಕ್ಟಿದೆ ಎಂದು ದೂರಿದರೆ ಸರ್ವರಿನಿಂದ ಹೊಸದಾಗಿ ಕ್ಲೋನ್ (ರೆಪೊದ ಪೂರ್ತಿ ಪ್ರತಿ) ಮಾಡಿ, ನೀವು ತಿದ್ದಿದ ಫೈಲುಗಳನ್ನು ಅದರೊಳಗೆ ನಕಲಿಸಿ. ಗಿಟ್ 2.36 ಅಥವಾ ಮುಂದಿನದಿದ್ದರೆ ಬರೆದದ್ದು ಡಿಸ್ಕಿಗೆ ಇಳಿಯುವ ತನಕ ಕಾಯಿಸುವ ‘ಕೋರ್.ಎಫ್‌ಸಿಂಕ್’ ಸೆಟ್ಟಿಂಗಿಗೆ ‘ಕಮಿಟೆಡ್’ ಎಂದು ಕೊಡಿ. ಕಮಿಟ್ ತುಸು ನಿಧಾನವಾಗುತ್ತದೆ.