ಸೋದರಳಿಯ ಹೇಳಿದ್ದರಲ್ಲಿ ನಿಜವೆಷ್ಟು?

ಹೆಸರು ಪ್ರಕಟಿಸಬಾರದೆಂದು ಕೋರಿರುವ ಕುಮಟಾ ತಾಲೂಕಿನ ಓದುಗರೊಬ್ಬರ ಪತ್ರದ ಸಾರ ಹೀಗಿದೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವರ ತಂಗಿಯ ಮಗ ಗೆಳೆಯರೊಡನೆ ಗೋಕರ್ಣದ ಕುಡ್ಲೆ ಕಡಲತೀರಕ್ಕೆ ಹೋಗಿ ಬಂದ ಮೇಲೆ, ಅವನ ಪಾಕೀಟಿನಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ, ಬಣ್ಣದ ಚಿತ್ರವಿದ್ದ ಕಾಗದದ ಚೂರೊಂದು ಸಿಕ್ಕಿತು. ಕೇಳಿದರೆ, ಅದು ಎಲ್‌ಎಸ್‌ಡಿ ಎಂಬ, ಭ್ರಮೆ ಹುಟ್ಟಿಸುವ ಮಾದಕವಸ್ತುವೆಂದೂ ತಾನು ಒಮ್ಮೆ ತೆಗೆದುಕೊಂಡಿರುವೆನೆಂದೂ ಒಪ್ಪಿಕೊಂಡ ಹುಡುಗ, ಅದು ಚಟ ಹಿಡಿಸುವುದಿಲ್ಲ, ಶಿಲೀಂಧ್ರದಿಂದ ಬರುವ ನೈಸರ್ಗಿಕ ವಸ್ತು, ಶಿವನ ಕ್ಷೇತ್ರಕ್ಕೆ ಇದೇನೂ ಹೊಸತಲ್ಲ, ವಿದೇಶದಲ್ಲಿ ವೈದ್ಯರೇ ಕೊಡುತ್ತಾರೆ ಎಂದು ವಾದಿಸಿದನಂತೆ. ಆ ಚೂರನ್ನು ಒಲೆಗೆ ಹಾಕಿದ ಸೋದರಮಾವ ನಮ್ಮನ್ನು ಕೇಳುತ್ತಾರೆ: “ಇದೆಲ್ಲ ಸುಳ್ಳೇ? ತಂಗಿಗೆ ಹೇಳಲೇ, ಬೇಡವೇ?”

ಮಾನ್ಯರೇ,

ಎಲ್ಲವೂ ಸುಳ್ಳಾಗಿದ್ದರೆ ಈ ಉತ್ತರ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಚಟದ ಬಗ್ಗೆ ಅವನು ಹೇಳಿದ್ದು ಬಹುಮಟ್ಟಿಗೆ ನಿಜ. ಸಾರಾಯಿ, ಅಫೀಮುಗಳಂತೆ ಇದು ದೇಹವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಎರಡು ಮೂರು ದಿನ ಸತತವಾಗಿ ತೆಗೆದುಕೊಂಡರೆ ಪರಿಣಾಮವೇ ಕುಗ್ಗಿಹೋಗುತ್ತದೆ. ಇದನ್ನು ತಾವು ಒಪ್ಪದೆ “ಒಂದು ಸಲ ಮುಟ್ಟಿದರೆ ಮುಗಿಯಿತು” ಎಂದು ಹೆದರಿಸಿದರೆ, ಒಮ್ಮೆ ಮುಟ್ಟಿ ಎದ್ದುಬಂದಿರುವ ಹುಡುಗ ತಮ್ಮ ಮುಂದಿನ ಯಾವ ಮಾತನ್ನೂ ನಂಬಲಾರ. ಆದರೆ ಚಟ ಹಿಡಿಸದ್ದೆಲ್ಲ ನಿರಪಾಯಕಾರಿ ಎಂದು ಅವನಿಗೆ ಯಾರು ಹೇಳಿದರೋ!

ನೈಸರ್ಗಿಕ ಎಂಬ ಮಾತಿಗೆ ಬರೋಣ. ನಮ್ಮ ಬೇಲಿಸಾಲಿನ ಕಾಸರಕದ ಬೀಜವೂ ನೈಸರ್ಗಿಕವೇ, ಅದನ್ನು ಯಾರೂ ತಿನ್ನುವುದಿಲ್ಲ. ಯುರೋಪಿನ ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎಂಬ ಶಿಲೀಂಧ್ರ ತಗಲುತ್ತದೆ. ಮಧ್ಯಯುಗದಲ್ಲಿ ಆ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲುಗಳು ಕೊಳೆತು ಕಪ್ಪಾಗುತ್ತಿದ್ದವು, ಮೈ ಸೆಟೆದುಕೊಳ್ಳುತ್ತಿತ್ತು. ಜನ ಅದನ್ನು ಸಂತ ಅಂತೋಣಿಯ ಬೆಂಕಿ ಎಂದು ಕರೆದರು. ಅದೇ ಎರ್ಗಟ್‌ನಿಂದ ದೊರೆಯುವ ಲೈಸರ್ಜಿಕ್ ಆಮ್ಲವನ್ನು ಮಾರ್ಪಡಿಸುತ್ತ ಹೋದ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ 1938ರ ನವೆಂಬರಿನಲ್ಲಿ ಎಲ್‌ಎಸ್‌ಡಿಯನ್ನು ಮೊದಲ ಬಾರಿಗೆ ತಯಾರಿಸಿದರು. ಅವರು ಹುಡುಕುತ್ತಿದ್ದುದು ಉಸಿರಾಟಕ್ಕೂ ರಕ್ತಪರಿಚಲನೆಗೂ ಚೈತನ್ಯ ಕೊಡುವ ಔಷಧಿಯನ್ನು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕೊಡುವ ಮೆಥರ್ಜಿನ್ ಚುಚ್ಚುಮದ್ದು ಅದೇ ಮನೆತನದ್ದು, ಅದೇ ಹಾಫ್‌ಮನ್ನರ ಕೆಲಸದಿಂದ ಬಂದದ್ದು. ಎಲ್‌ಎಸ್‌ಡಿಯಾದರೋ ಐದು ವರ್ಷ ಮೂಲೆಯಲ್ಲಿ ಬಿದ್ದಿತ್ತು. 1943ರ ಏಪ್ರಿಲಿನಲ್ಲಿ ಮತ್ತೆ ತಯಾರಿಸುವಾಗ ಅದು ಅಕಸ್ಮಾತ್ತಾಗಿ ಮೈಗೆ ಸೇರಿ ತಲೆ ತಿರುಗಿದಾಗ, ಮೂರು ದಿನಗಳ ನಂತರ, 19ರಂದು, ಅವರು ತಿಳಿದೇ 250 ಮೈಕ್ರೋಗ್ರಾಂ ಸೇವಿಸಿದರು. ಅತಿ ಕಡಿಮೆ ಪ್ರಮಾಣವೆಂಬ ಭಾವನೆಯಲ್ಲಿ ತೆಗೆದುಕೊಂಡದ್ದು ಬಹಳವಾಗಿತ್ತು. ಯುದ್ಧಕಾಲದಲ್ಲಿ ಮೋಟಾರಿಲ್ಲದೆ ಸೈಕಲ್ಲಿನಲ್ಲಿ ಮನೆಗೆ ಹೊರಟವರಿಗೆ ಪರಿಚಿತ ಬೀದಿ ಅಲೆಯಲೆಯಾಗಿ ಕಂಡಿತು. ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಂತೆ ಕಂಡಳು. ಸಾಯುತ್ತಿದ್ದೇನೆಂದೇ ಅವರು ನಂಬಿದರು. ತಿಳಿದವರೊಬ್ಬರು ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ತೆಗೆದುಕೊಂಡಾಗ ಆದ ಅನುಭವವಿದು.

ಶಿವನ ಕ್ಷೇತ್ರದ ಮಾತು ನನಗೆ ಸ್ವಲ್ಪ ನೋವುಂಟುಮಾಡಿತು. ಶಿವರಾತ್ರಿಗೆ ಗೋಕರ್ಣಕ್ಕೆ ಬರುವ ಸಾಧುಗಳ ಚಿಲುಮೆಯಲ್ಲಿರುವುದು ಭಂಗಿ. ಅದರ ಸರಿತಪ್ಪುಗಳ ಚರ್ಚೆ ಬೇರೆ. ಅದಕ್ಕೂ ಬಾಸೆಲ್ಲಿನ ಸರಕಿಗೂ ಯಾವ ನಂಟೂ ಇಲ್ಲ. ಎಲ್‌ಎಸ್‌ಡಿ ನಮ್ಮ ಕರಾವಳಿಗೆ ಬಂದ ದಾರಿ ಪುರಾಣದ್ದಲ್ಲ, ಪ್ರವಾಸದ್ದು. 1960ರ ದಶಕದ ಅಮೆರಿಕದಲ್ಲಿ ಅದು ಯುದ್ಧವಿರೋಧಿ ಯುವಜನರ, ಸಂಗೀತಗಾರರ ಕೈಗೆ ಬಂದು ಒಂದು ಪೀಳಿಗೆಯ ಗುರುತಾಯಿತು. ಅದಕ್ಕೂ ಮುಂಚೆಯೇ ಆ ದೇಶದ ಗುಪ್ತಚರ ಸಂಸ್ಥೆ ಸಿಐಎ ಅದನ್ನು ಜನರಿಗೆ ತಿಳಿಯದಂತೆ ಕುಡಿಸಿ ನೋಡಿತ್ತೆಂಬುದನ್ನು, ಅದನ್ನು ಬಿಡುಗಡೆಯ ಸಂಕೇತವೆನ್ನುವವರು ನೆನೆಯುವುದು ಕಡಿಮೆ. ನೆಲದ ದಾರಿಯಲ್ಲಿ ಭಾರತಕ್ಕೆ ಬಂದ ಹಿಪ್ಪಿಗಳು ಗೋವೆಯ ಅಂಜುಣದಲ್ಲಿ ನೆಲೆಯೂರಿದರು. ಅಲ್ಲಿ ಗದ್ದಲ ಹೆಚ್ಚಿದಂತೆ ಏಕಾಂತ ಬಯಸಿದ ಕೆಲವರು ಕಾಳಿ, ಗಂಗಾವಳಿ ನದಿಗಳನ್ನು ದಾಟಿ ಕುಡ್ಲೆಗೂ ಓಂ ತೀರಕ್ಕೂ ಬಂದರು. ಈಗ ಬೆಂಗಳೂರು, ಹುಬ್ಬಳ್ಳಿಗಳ ನಮ್ಮದೇ ಹುಡುಗರು ವಾರಾಂತ್ಯಕ್ಕೆ ಆ ದಾರಿ ಹಿಡಿಯುತ್ತಾರೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಆ ಕಾಗದದ ಚೂರು. ಸಾಮಾನ್ಯ ಪ್ರಮಾಣವೆನ್ನುವ 100 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಸಾವಿರದಲ್ಲೊಂದು ಪಾಲು, ಉಪ್ಪಿನ ಒಂದೆರಡು ಹರಳಿನಷ್ಟು. ಕಾಗದ ಹೀರಿಕೊಂಡ ಮೇಲೆ ಕಣ್ಣಿಗೆ ಕಾಣದ, ರುಚಿಯಿಲ್ಲದ, ವಾಸನೆಯಿಲ್ಲದ ಅದನ್ನು ಯಾರು ಎಷ್ಟು ಅದ್ದಿದ್ದಾರೆಂದು ಮಾರಿದವನಿಗೂ ಗೊತ್ತಿರುವುದಿಲ್ಲ. ಎನ್‌ಬೋಮ್ ಎಂಬ ಬೇರೆಯೇ ರಾಸಾಯನಿಕವನ್ನು ಇಂಥದೇ ಕಾಗದದಲ್ಲಿ ಎಲ್‌ಎಸ್‌ಡಿ ಎಂದು ಹೇಳಿ ಮಾರಿದ್ದುಂಟು. ಅದರಿಂದ ಹಲವು ದೇಶಗಳಲ್ಲಿ ಸಾವುಗಳಾಗಿವೆ. ಶುದ್ಧ ಎಲ್‌ಎಸ್‌ಡಿಯ ವಿಷವೇರಿ ಸತ್ತವರು ಅಪರೂಪ, ಆದರೆ ಅದರ ಗುಂಗು ಎಂಟರಿಂದ ಹನ್ನೆರಡು ಗಂಟೆ ಇಳಿಯದು. ಮಿದುಳಿನ ಕೋಶಗಳಲ್ಲಿ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹಿಡಿಯುವ ಗ್ರಾಹಕದೊಳಗೆ ಈ ಅಣು ಕೂತೊಡನೆ ಗ್ರಾಹಕದ ಒಂದು ಭಾಗ ಮುಚ್ಚಳದಂತೆ ಅದರ ಮೇಲೆ ಮಡಚಿಕೊಳ್ಳುತ್ತದೆ ಎಂಬುದನ್ನು 2017ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಣು ಬೇಗ ಹೊರಬರಲಾರದು, ಹಾಗಾಗಿ ಬೇಡವೆನಿಸಿದರೂ ನಡುವೆ ಇಳಿದುಹೋಗಲು ಬರುವುದಿಲ್ಲ. ದೂರ, ಆಳ, ವೇಳೆಗಳ ಅಂದಾಜು ತಪ್ಪಿದವನು ಅಷ್ಟು ಹೊತ್ತು ಎಲ್ಲಿರುತ್ತಾನೆಂದು ಯೋಚಿಸಿ. ಕುಡ್ಲೆಯಿಂದ ಓಂ ತೀರಕ್ಕೆ ಹೋಗುವ ಬಂಡೆಯ ದಾರಿಯನ್ನೂ ಮಳೆಗಾಲದ ಕಡಲನ್ನೂ ಬಲ್ಲ ತಮಗೆ ನಾನು ವಿವರಿಸಬೇಕಾಗಿಲ್ಲ.

ವಿದೇಶದಲ್ಲಿ ವೈದ್ಯರೇ ಕೊಡುತ್ತಾರೆಂಬ ಮಾತು ಅರ್ಧ ಸರಿ. ಆತಂಕದ ಕಾಯಿಲೆಗೆ ಎಲ್‌ಎಸ್‌ಡಿಯ ಒಂದು ರೂಪವನ್ನು ಪರೀಕ್ಷಿಸುತ್ತಿರುವ ಕಂಪನಿಗೆ ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಶೀಘ್ರ ಪರಿಶೀಲನೆಯ ಸವಲತ್ತು ಕೊಟ್ಟಿದ್ದಾರೆ. ಅಲ್ಲಿ ಅಳೆದ ಪ್ರಮಾಣವಿದೆ, ದಿನವಿಡೀ ಬಳಿ ಕೂರುವವರಿದ್ದಾರೆ, ಮೊದಲೇ ಸೋಸಿ ಆರಿಸಿದ ರೋಗಿಗಳಿದ್ದಾರೆ.

ಕಾನೂನಿನ ಬಗ್ಗೆ ತಾವು ಕೇಳಿಲ್ಲ, ಆದರೂ ಹೇಳಬೇಕು. 1985ರ ಮಾದಕದ್ರವ್ಯ ಕಾಯಿದೆಯಡಿ 0.1 ಗ್ರಾಂ ಎಲ್‌ಎಸ್‌ಡಿ ವಾಣಿಜ್ಯ ಪ್ರಮಾಣ. ಅದಕ್ಕಿಂತ ಹೆಚ್ಚಿದ್ದರೆ ಶಿಕ್ಷೆ ಹತ್ತು ವರ್ಷದಿಂದ ಆರಂಭವಾಗುತ್ತದೆ. ಕಾಗದದ ತೂಕವನ್ನೂ ಸೇರಿಸಬೇಕೆಂದು ಮುಂಬಯಿ ಹೈಕೋರ್ಟು 2022ರಲ್ಲಿ ಹೇಳಿದೆ. ಆ ಲೆಕ್ಕದಲ್ಲಿ ಗೆಳೆಯರಿಗೆಂದು ಇಟ್ಟುಕೊಂಡ ಕೆಲವೇ ಚೂರುಗಳು ಸಾಕಾಗುತ್ತವೆ.

ಇನ್ನು ತಂಗಿಯ ವಿಷಯ. ವಂಶದಲ್ಲಿ ಸ್ಕಿಜೋಫ್ರೇನಿಯಾದಂಥ ಮನೋರೋಗವಿರುವವರಲ್ಲಿ ಎಲ್‌ಎಸ್‌ಡಿ ಆ ರೋಗವನ್ನು ಕೆರಳಿಸಬಹುದು. ಹುಡುಗನ ಪ್ರಾಯದಲ್ಲೇ ಅದು ಸಾಮಾನ್ಯವಾಗಿ ತಲೆಯೆತ್ತುವುದು. ನಿದ್ದೆಗೆಡುವುದು, ಅನುಮಾನ, ಗುಂಗು ಇಳಿದ ಮೇಲೂ ಕಣ್ಣೆದುರು ಬಣ್ಣದ ಜಾಡು ಕಾಣುವುದು ಇವೆಯೇ ಎಂದು ಅವನನ್ನು ಶಾಂತವಾಗಿ ಕೇಳಿ. ಇದ್ದರೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಅಥವಾ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆಮಾಡಿ. ತಮ್ಮ ಮನೆತನದಲ್ಲಿ ಅಂಥವರು ಇದ್ದರೇ ಎಂಬುದು ತಮಗೆ ಗೊತ್ತು. ತಂಗಿಯ ಗಂಡನ ಕಡೆಯವರ ಸಂಗತಿ ತಂಗಿಗೇ ಗೊತ್ತು. ಅದೊಂದು ಪ್ರಶ್ನೆಗಾಗಿಯಾದರೂ ಅವರಿಗೆ ಹೇಳಲೇಬೇಕು. ಆದರೆ ಹಾಗೆ ಹೇಳಲಿರುವಿರೆಂದು ಮೊದಲು ಹುಡುಗನಿಗೆ ತಿಳಿಸಿ.

— ಸಂ.