ಬಲೆಯಾಡಾ ಮಾಡಲು ಉಪ್ಪು ಹಾಕಿದ ಬೆಣ್ಣೆ ಒಳ್ಳೆಯದೋ, ಹಾಕದ ಬೆಣ್ಣೆಯೋ?

ಎರಡೂ ಬೇಡ. ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಮಡಿಚಿದ ರೊಟ್ಟಿಯಾದ ಬಲೆಯಾಡಾಗೆ ಬೆಣ್ಣೆಯೇ ಬೇಕಿಲ್ಲ. ನಿಮ್ಮ ಪ್ರಶ್ನೆ ಓದುತ್ತಲೇ ಕೆನ್ನರ್‌ನಲ್ಲಿದ್ದ ನನ್ನ ಹಳೆಯ ಅಡುಗೆಮನೆ ಕಣ್ಣ ಮುಂದೆ ಬಂತು.

ಕೆನ್ನರ್ ಇರುವುದು ಅಮೆರಿಕದ ಲೂಸಿಯಾನಾದಲ್ಲಿ, ನ್ಯೂ ಆರ್ಲಿಯನ್ಸ್ ಪಕ್ಕದಲ್ಲಿ. ಹೊಂಡುರಾಸ್‌ನ ಉತ್ತರ ಕರಾವಳಿಯಿಂದ ಬಾಳೆಹಣ್ಣಿನ ಹಡಗುಗಳು ಬರುತ್ತಿದ್ದ ಕಾಲದಿಂದಲೂ ಆ ದೇಶದವರು ಆ ಸೀಮೆಯಲ್ಲಿ ನೆಲೆಸಿದ್ದಾರೆ. 2005ರ ಕತ್ರಿನಾ ಚಂಡಮಾರುತದ ನಂತರ ಕಟ್ಟಡದ ಕೆಲಸಕ್ಕೆ ಇನ್ನಷ್ಟು ಜನ ಬಂದರು. ನನ್ನ ಪಕ್ಕದ ಮನೆಯಲ್ಲಿದ್ದವರು ಲಾ ಸೇಯ್ಬಾ ಊರಿನ ಅಜ್ಜಿ. ಎಲ್ಲರಂತೆ ನಾನೂ ಅವರನ್ನು ದೋನ್ಯಾ, ಅಂದರೆ ಅಮ್ಮಾವರು, ಎಂದೇ ಕರೆಯುತ್ತಿದ್ದೆ. ಒಬ್ಬಳೇ ಉಣ್ಣುತ್ತಿದ್ದ ನನಗೆ ಅವರು ಆಗಾಗ ಬಿಸಿ ಬಲೆಯಾಡಾ ತಂದುಕೊಡುತ್ತಿದ್ದರು. ಕೈಯಲ್ಲೇ ತಟ್ಟಿದ ದಪ್ಪ ಮೈದಾ ರೊಟ್ಟಿ, ಒಳಗೆ ಮಸೆದು ಹುರಿದ ಕೆಂಪು ಬೀನ್ಸ್ ಕಾಳು, ಉಪ್ಪಾದ ಗಟ್ಟಿ ಚೀಸಿನ ತುರಿ, ಮೇಲೆ ಬಿಳಿಯ ಧಾರೆ, ಅರ್ಧಕ್ಕೆ ಮಡಿಚಿದ್ದು.

ಸೆಪ್ಟೆಂಬರ್ 15 ಹೊಂಡುರಾಸ್‌ನ ಸ್ವಾತಂತ್ರ್ಯ ದಿನ. ಆ ದಿನ ಅವರ ಮನೆಗೆ ಬರುವ ಇಪ್ಪತ್ತು ಜನರಿಗೂ ನಾನೇ ಮಾಡಿಕೊಡುತ್ತೇನೆ ಎಂದು ಹಠ ಹಿಡಿದೆ. ಅವರು ಸಾಮಾನುಗಳನ್ನು ಹೇಳಿದರು, ನಾನು ಬರೆದುಕೊಂಡೆ. ಕೊನೆಯಲ್ಲಿ ‘ಮಂತೆಕಿಯಾ’ ಎಂದಿತ್ತು. ನಿಘಂಟು ತೆರೆದೆ, ಬೆಣ್ಣೆ ಎಂದಿತ್ತು. ಅಲ್ಲಿಗೇ ನಿಲ್ಲಿಸಿದೆ.

ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಬೆಣ್ಣೆ ಎಂಬ ಅರ್ಥವಿರುವುದು ನಿಜ. ಆದರೆ ಹೊಂಡುರಾಸ್‌ನ ಅಡುಗೆಮನೆಯಲ್ಲಿ ಮಂತೆಕಿಯಾ ಎಂದರೆ ಸುರಿಯಲು ಬರುವ, ತುಸು ಉಪ್ಪಿನ, ತುಸು ಹುಳಿಯ ಕೆನೆ. ನಾನು ಅಷ್ಟು ಸಲ ತಿಂದಿದ್ದೆ, ನಾಲಿಗೆಗೆ ಅದು ಗೊತ್ತಿತ್ತು. ಆದರೂ ನಾಲಿಗೆಯನ್ನು ಬಿಟ್ಟು ನಿಘಂಟನ್ನು ನಂಬಿದೆ. ಬಿಸಿ ಕಾಳಿನ ಮೇಲೆ ಬೆಣ್ಣೆ ಹಾಕಿದೊಡನೆ ಅದು ಕರಗಿ ಎಣ್ಣೆಯಾಗಿ ಹರಿಯಿತು, ರೊಟ್ಟಿ ಅದನ್ನೆಲ್ಲ ಹೀರಿ ಮೆತ್ತಗಾಯಿತು. ಪಕ್ಕದ ಮನೆಗೆ ಒಯ್ಯುವಷ್ಟರಲ್ಲಿ ತಣ್ಣಗಾಗಿ ಕಾಳಿನ ಮೇಲೆ ಹೆಪ್ಪುಗಟ್ಟಿತ್ತು. ಕೆನೆಯ ಹುಳಿಯೇ ಚೀಸಿನ ಉಪ್ಪನ್ನೂ ಕಾಳಿನ ಜಿಡ್ಡನ್ನೂ ಹದಕ್ಕೆ ತರುವುದು. ಅದಿಲ್ಲದೆ ಬಾಯಿತುಂಬ ಜಿಡ್ಡು ಮಾತ್ರ ಉಳಿಯಿತು.

ದೋನ್ಯಾ ಒಂದನ್ನು ಬಿಡಿಸಿ ನೋಡಿದರು. ‘ಮಗಳೇ, ನಾನೇ ತೋರಿಸಬೇಕಿತ್ತು’ ಎಂದರು. ಮಂಡಿನೋವಿನ ಆ ಹೆಂಗಸು ತಮ್ಮ ಹಬ್ಬದ ದಿನ ಒಲೆಯ ಮುಂದೆ ನಿಂತು ಮತ್ತೆ ಇಪ್ಪತ್ತು ರೊಟ್ಟಿ ಸುಟ್ಟರು. ಆ ಬೆಣ್ಣೆಗೆ ನಾನು ತೆತ್ತ ಬೆಲೆ ಇದು, ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಯಾವ ಬೆಣ್ಣೆ ಎಂದು ಕೇಳಬೇಡಿ. ಲ್ಯಾಟಿನ್ ಅಮೆರಿಕದ ಸಾಮಾನು ಮಾರುವ ಅಂಗಡಿಯಲ್ಲಿ ‘ಕ್ರೆಮಾ ಹೊಂಡುರೆನ್ಯಾ’, ಅಂದರೆ ಹೊಂಡುರಾಸ್‌ನ ಕೆನೆ, ಕೇಳಿ. ಸಿಗದಿದ್ದರೆ ಸೋರ್ ಕ್ರೀಮ್‌ಗೆ ಸ್ವಲ್ಪ ತಾಜಾ ಕೆನೆ, ಚಿಟಿಕೆ ಉಪ್ಪು ಬೆರೆಸಿ ತೆಳುವಾಗಿಸಿ. ಹಿಟ್ಟಿಗೆ ಹಾಕುವ ‘ಮಂತೇಕಾ’ ಬೇರೆಯೇ ವಸ್ತು, ಅಡುಗೆಯ ಗಟ್ಟಿ ಕೊಬ್ಬು. ಅದು ಹಂದಿಯ ಕೊಬ್ಬೂ ಆಗಿರಬಹುದು, ಸಸ್ಯಾಹಾರಿಯಾದರೆ ಪೊಟ್ಟಣ ಓದಿ ‘ವೆಹೆತಾಲ್’ (ಸಸ್ಯಜನ್ಯ) ಎಂದಿರುವುದನ್ನೇ ತನ್ನಿ.

ಚಪಾತಿಯಲ್ಲಿ ಮಾಡಬಹುದೇ ಎಂದೂ ಕೇಳಿದ್ದೀರಿ. ತಿನ್ನಬಹುದು, ಆದರೆ ಅದನ್ನು ಬಲೆಯಾಡಾ ಎನ್ನಬೇಡಿ. ಮೈದಾ, ಉಪ್ಪು, ಸ್ವಲ್ಪ ಬೇಕಿಂಗ್ ಪೌಡರ್, ಮಂತೇಕಾ, ಬೆಚ್ಚಗಿನ ನೀರು ಹಾಕಿ ಮೃದುವಾಗಿ ನಾದಿ. ಉಂಡೆಗಳಿಗೆ ಎಣ್ಣೆ ಸವರಿ ಅರ್ಧ ಗಂಟೆಯಾದರೂ ನೆನೆಯಲು ಬಿಡಿ. ಲಟ್ಟಣಿಗೆ ಮುಟ್ಟಬೇಡಿ, ಹೋಳಿಗೆಯ ಕಣಕವನ್ನು ಬೆರಳಲ್ಲಿ ಹರಡಿದ ಕೈ ನಿಮ್ಮದಾದರೆ ಇದೂ ಒಲಿಯುತ್ತದೆ. ಕಾಳನ್ನು ಹಿಂದಿನ ದಿನವೇ ಬೇಯಿಸಿಡಿ. ಮರುದಿನ ಈರುಳ್ಳಿಯ ಜೊತೆ ಮಸೆದು ಹುರಿದಾಗಲೇ ಅದಕ್ಕೆ ದೋನ್ಯಾ ಮನೆಯ ಪರಿಮಳ ಬರುವುದು.