41 ಮಕ್ಕಳಿಗೆ ಒಂದೇ ಸಿಹಿ

ಕಲಬುರಗಿಯಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನನ್ನ ಮಗಳು 3ನೇ ತರಗತಿ. ಎಳ್ಳಮಾವಾಸ್ಯೆ ಮುಗಿದ ವಾರದಲ್ಲೇ ಅವಳ ಹುಟ್ಟುಹಬ್ಬ. ತರಗತಿಯಲ್ಲಿ 41 ಮಕ್ಕಳಿದ್ದಾರೆ. ಪ್ರತಿ ವರ್ಷ ನಮ್ಮ ಅತ್ತೆಯೇ ಶೇಂಗಾ ಉಂಡಿ ಕಟ್ಟಿ ಶಾಲೆಗೆ ಕಳಿಸುತ್ತಾರೆ. ಈ ವರ್ಷ ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ಶೇಂಗಾ ಮತ್ತು ಮೊಟ್ಟೆಯ ಅಲರ್ಜಿ ಇದೆಯಂತೆ. ಶೇಂಗಾ ತರಬೇಡಿ ಎಂದು ಟೀಚರ್ ಹೇಳಿ ಕಳಿಸಿದ್ದಾರೆ. ಅತ್ತೆಗೆ ಬೇಜಾರಾಗಿದೆ. 'ಒಬ್ಬನ ಸಲುವಾಗಿ 40 ಮಕ್ಕಳಿಗೆ ಯಾಕ ತಪ್ಪಸಬೇಕು? ಅವಗ ಬ್ಯಾರೆ ಏನರ ಕೊಟ್ರಾಯ್ತು. ನಮ್ಮ ಕಾಲದಾಗ ಇವೆಲ್ಲ ಎಲ್ಲಿದ್ದವು? ಸ್ವಲ್ಪ ಸ್ವಲ್ಪ ತಿನ್ನಿಸಿದ್ರ ತಾನೇ ಹೊಂದತದ' ಅಂತಾರೆ. ಆ ಹುಡುಗನಿಗೆ ಒಂದು ಬಿಸ್ಕತ್ ಪುಡಿಕೆ ಬೇರೆ ಕೊಟ್ಟರೆ ಸಾಕಾಗುವುದಿಲ್ಲವೇ?"

ಅಕ್ಕಾರೆ, ನಿಮ್ಮ ಪತ್ರ ಓದಿ ನನಗೆ ಮೊದಲು ಸಂತೋಷವಾಯಿತು. ಟೀಚರ್ ಹೇಳಿದರು, ಮುಗಿಯಿತು ಎಂದು ನೀವು ಸುಮ್ಮನಿರಬಹುದಿತ್ತು. ಆ ಹುಡುಗನ ಬಗ್ಗೆ ಯೋಚನೆ ಮಾಡಿ ಪತ್ರ ಬರೆದಿದ್ದೀರಿ. ಆದರೆ ಬಿಸ್ಕತ್ ಪುಡಿಕೆ ಸಾಲದು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ನಮ್ಮ ಮನೆಯಲ್ಲೂ ಆದ ಕಥೆ.

ನನ್ನ ತಂಗಿ ಬೀದರ್‌ನಲ್ಲಿ ಇರುತ್ತಾಳೆ. ಅವಳ ಮಗನಿಗೆ ಶೇಂಗಾ, ಗೋಡಂಬಿ ಎರಡೂ ಆಗುವುದಿಲ್ಲ. 2ನೇ ತರಗತಿಯಲ್ಲಿದ್ದಾಗ ಅವನಿಗೆ ಆಗಾಗ ಬೆಳಗ್ಗೆ ಹೊಟ್ಟೆನೋವು ಬರುತ್ತಿತ್ತು. ಶಾಲೆಗೆ ಹೋಗಲ್ಲ ಎಂದು ಮಲಗಿಬಿಡುತ್ತಿದ್ದ. ಡಾಕ್ಟರ್ ನೋಡಿದರು, ಏನೂ ಇಲ್ಲ. ಕೆಲವು ತಿಂಗಳಾದ ಮೇಲೆ ತಂಗಿಗೆ ಗೊತ್ತಾಯಿತು. ತರಗತಿಯಲ್ಲಿ ಯಾರದಾದರೂ ಹುಟ್ಟುಹಬ್ಬ ಇದ್ದ ದಿನವೇ ಈ ನೋವು. ಹುಡುಗ ಎಲ್ಲರ ಹುಟ್ಟುಹಬ್ಬದ ತಾರೀಖನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಅವನ ಟೀಚರ್ ಒಳ್ಳೆಯವರೇ. ಸಿಹಿ ಹಂಚುವಾಗ ಅವನನ್ನು ಮುಂದಕ್ಕೆ ಕರೆದು, ತಮ್ಮ ಟೇಬಲ್ಲಿನ ಡ್ರಾದಿಂದ ಎರಡು ಬಿಸ್ಕತ್ ತೆಗೆದು ಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು. ಅವನನ್ನು ಕೇಳಿದರೆ ಒಂದೇ ಮಾತು: "ಮಾಮಾ, ಆವಾಗ ಎಲ್ಲಾರೂ ನನ್ನೇ ನೋಡ್ತಾರ."

ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ, ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬಡಿಸುವುದು. ನಿಮ್ಮದು ಶರಣಬಸವೇಶ್ವರರ ದಾಸೋಹದ ಊರು. ಅಲ್ಲಿ ಪಂಕ್ತಿಯಲ್ಲಿ ಕೂತವರ ಎಲೆಗೆ ಏನು ಬೀಳಬೇಕು ಎಂದು ನಿಮ್ಮ ಅತ್ತೆಗೆ ನಾನು ಹೇಳಬೇಕಾಗಿಲ್ಲ. ಅವರಿಗೆ ಈ ವಿಷಯವನ್ನು ಅಲರ್ಜಿ ಎಂಬ ಹೆಸರಿನಿಂದ ಹೇಳಬೇಡಿ. "ಅತ್ತೀ, ಪಂಕ್ತಿಯಾಗ ಒಂದು ಕೂಸು ಕೈ ಕಟ್ಕೊಂಡು ಕೂಡ್ತದ" ಎಂದು ಹೇಳಿ ನೋಡಿ.

ಇನ್ನು ಅತ್ತೆಯ ಮಾತಿಗೆ ಬರೋಣ. "ಸ್ವಲ್ಪ ಸ್ವಲ್ಪ ತಿನ್ನಿಸಿದ್ರ ಹೊಂದತದ" ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ನಿಜ ಇದೆ. ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೈಮೇಲೆ ಜಾಸ್ತಿ ಇಸುಬು ಇದ್ದ ಅಥವಾ ಮೊಟ್ಟೆಯ ಅಲರ್ಜಿ ಇದ್ದ ಕೂಸುಗಳು ಅವು. ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಲು ಶುರು ಮಾಡಿದ ಕೂಸುಗಳಿಗೆ 5 ವರ್ಷ ಆಗುವ ಹೊತ್ತಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆ ಬಂದಿತ್ತು. ಅಂದರೆ ಚಿಕ್ಕಂದಿನಿಂದ ಮನೆಯ ಊಟದ ರುಚಿ ಹತ್ತಿಸುವ ನಮ್ಮ ಹಿರಿಯರ ರೂಢಿ ತಪ್ಪಲ್ಲ. ಆದರೆ ಅದು ಅಲರ್ಜಿ ಬರದಂತೆ ತಡೆಯುವ ದಾರಿ. ಒಮ್ಮೆ ಬಂದಮೇಲೆ ನಾವು ನೀವು ತಿನ್ನಿಸಿ ನೋಡುವ ಹಾಗೇ ಇಲ್ಲ. ಅದನ್ನು ಮಾಡಿದರೆ ಅಲರ್ಜಿ ತಜ್ಞರು ಎದುರಿಗೆ ಕೂತು, ಅಳತೆ ಮಾಡಿ, ಔಷಧ ಕೈಯಲ್ಲಿಟ್ಟುಕೊಂಡು ಮಾಡಬೇಕು. ತರಗತಿಯಲ್ಲಿ ಉಂಡಿಯ ಒಂದು ಚೂರು ಬಾಯಿಗಿಟ್ಟು ಪರೀಕ್ಷೆ ಮಾಡುವಂಥದ್ದಲ್ಲ.

ನನ್ನ ತಂಗಿಯ ಮಗನಿಗೆ ಆದದ್ದು ಅದೇ. ಒಂದು ದಿನ ಯಾರೋ ಬರ್ಫಿ ತಂದಿದ್ದರು. ಮೇಲೆ ಗೋಡಂಬಿ ಚೂರು. ಅವತ್ತು ಬೇರೆ ಟೀಚರ್ ಇದ್ದರು. ಗೋಡಂಬಿ ಕಿತ್ತು ತೆಗೆದು "ಈಗ ತಿನ್ನು, ಏನಾಗಲ್ಲ" ಎಂದು ಕೊಟ್ಟರು. ಹತ್ತು ನಿಮಿಷದಲ್ಲಿ ತುಟಿ ಊದಿತು. ಮೈಮೇಲೆ ಪಿತ್ತದ ಗಂಧೆ ಎದ್ದವು. ಆಮೇಲೆ ಕೆಮ್ಮು, ಉಬ್ಬಸ. ಆಸ್ಪತ್ರೆ ಹತ್ತಿರವಿತ್ತು, ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು, ಹುಡುಗ ಉಳಿದ. ಆ ಟೀಚರಮ್ಮ ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಲರ್ಜಿ ಇದ್ದ ಮಗುವಿನ ಮೈ, ಶೇಂಗಾದಲ್ಲೋ ಗೋಡಂಬಿಯಲ್ಲೋ ಇರುವ ಪ್ರೋಟೀನನ್ನು ವೈರಿ ಎಂದು ತಪ್ಪು ತಿಳಿದು ಅದರ ಮೇಲೆ ಬೀಳುತ್ತದೆ. ಕಾಳು ತೆಗೆದರೂ ಪುಡಿ ಉಳಿಯುತ್ತದೆ. ಕೆಲವು ಮಕ್ಕಳಿಗೆ ಅಷ್ಟು ಸಾಕು.

ನಮ್ಮ ಕಡೆ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ಮೂಲೆ ಇದೆಯೇ ಹೇಳಿ? ಹಿಂಡಿಗೆ ಶೇಂಗಾ, ಎಣ್ಣೆಗಾಯಿಗೆ ಶೇಂಗಾ, ಪಲ್ಯದ ಮೇಲೆ ಒಂದು ಚಮಚ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರುವ ಬುತ್ತಿಯನ್ನು ಒಮ್ಮೆ ನೆನೆಸಿಕೊಳ್ಳಿ. ಅದೇ ಮಿಕ್ಸಿ ಜಾರು, ಅದೇ ಬುಟ್ಟಿ, ಅದೇ ಸವಟು. ಹಾಗಾಗಿ "ಶೇಂಗಾ ಬೇಡ ಅಂದ್ರ ರವೆ ಉಂಡಿ ಮಾಡ್ತೀನಿ" ಎಂದು ಅತ್ತೆ ಮನಸ್ಸು ದೊಡ್ಡದು ಮಾಡಿ ಹೇಳಿದರೂ, ಈ ಹುಡುಗನ ಮಟ್ಟಿಗೆ ಅದು ಭರವಸೆಯ ತಿನಿಸಲ್ಲ. ಗಾಣದ ಶೇಂಗಾ ಎಣ್ಣೆಯಲ್ಲಿ ಕರಿದ ಯಾವುದೂ ಬೇಡ. ಗಾಣದ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನು ಉಳಿದಿರುತ್ತದೆ. ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ಒಳ್ಳೆಯದು ಎಂದು ನಾವೆಲ್ಲ ನಂಬಿ ಬೆಳೆದವರು. ಈ ಒಂದು ವಿಷಯದಲ್ಲಿ ಆ ನಂಬಿಕೆಯನ್ನು ಪಕ್ಕಕ್ಕಿಡಬೇಕು, ನನಗೂ ಅದು ಸುಲಭವಾಗಲಿಲ್ಲ. ಉಂಡಿ ಕಟ್ಟುವ ಆಸೆ ಅತ್ತೆಗೆ ಇದ್ದರೆ ಕಟ್ಟಲಿ. ಮನೆಗೆ ಬರುವ ನೆಂಟರಿಗೆ, ಓಣಿಯ ಮಕ್ಕಳಿಗೆ ಕೊಡಲಿ. ಶಾಲೆಗೆ ಮಾತ್ರ ಬೇಡ.

ಬೇಕರಿ ಕೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಗ್‌ಲೆಸ್ ಎಂದು ಬರೆದಿದ್ದರೂ ಅದೇ ಚಾಕು, ಅದೇ ತಟ್ಟೆ ಎರಡಕ್ಕೂ ಓಡಾಡುತ್ತಿರುತ್ತದೆ. ಬೇಡ.

ಪ್ಯಾಕೆಟ್ ತಿನಿಸು ಕೊಳ್ಳುವುದಾದರೆ ಹಿಂಬದಿ ತಿರುಗಿಸಿ ಓದಿ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿಯಂಥ ಧಾನ್ಯಗಳು ಇದ್ದರೆ ಬೇರೆಯಾಗಿ ಕಾಣುವಂತೆ ಬರೆಯಬೇಕು. 'ಕಂಟೈನ್ಸ್' ಎಂದಿದ್ದರೆ ಇದೆ ಎಂದರ್ಥ. 'ಮೇ ಕಂಟೈನ್' ಎಂದಿದ್ದರೆ ಅದೇ ಕಾರ್ಖಾನೆಯಲ್ಲಿ ತಾಗಿರಬಹುದು ಎಂದರ್ಥ. ಶೇಂಗಾ ಅಥವಾ ಮೊಟ್ಟೆಯ ಹೆಸರಿನ ಜೊತೆ ಈ ಎರಡರಲ್ಲಿ ಯಾವುದೇ ಇದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಆ ಕಡ್ಡಾಯ ಪಟ್ಟಿಯಲ್ಲಿ ಎಳ್ಳು ಇಲ್ಲ. ಎಳ್ಳಿನ ಅಲರ್ಜಿಯ ಮಕ್ಕಳಿದ್ದರೆ ಇಡೀ ಸಾಮಗ್ರಿಯ ಪಟ್ಟಿಯನ್ನೇ ಓದಬೇಕು. ಸಂಕ್ರಾಂತಿಗೆ ತರಗತಿಯಲ್ಲಿ ಕುಸುರೆಳ್ಳು ಹಂಚುವ ಟೀಚರ್‌ಗಳು ಇದನ್ನು ದಯವಿಟ್ಟು ನೆನಪಿಡಿ. ಹೋದ ವರ್ಷ ಓದಿದ ಪ್ಯಾಕೆಟ್ಟೇ ಆದರೂ ಈ ವರ್ಷ ಮತ್ತೆ ಓದಿ, ಕಂಪನಿಗಳು ಸಾಮಗ್ರಿ ಬದಲಿಸುತ್ತವೆ. ಅಕ್ಷರ ಸಣ್ಣ, ಇಂಗ್ಲಿಷ್ ಬೇರೆ. ನಿಮ್ಮ ಮಗಳ ಕೈಯಲ್ಲೇ ಓದಿಸಿ. 3ನೇ ತರಗತಿಯ ಹುಡುಗಿಗೆ ಆ ಒಂದೆರಡು ಪದ ಗುರುತಿಸಲು ಬರುತ್ತದೆ. ತನ್ನ ಗೆಳೆಯನಿಗಾಗಿ ಓದುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತಾಗುತ್ತದೆ.

ಹಾಗಾದರೆ ಏನು ಕೊಡಬೇಕು? ನನ್ನನ್ನು ಕೇಳಿದರೆ, ಇಡೀ ಹಣ್ಣು. ನಿಮ್ಮ ಮಗಳ ಹುಟ್ಟುಹಬ್ಬದ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಕಿತ್ತಳೆ ರಾಶಿ ಬಿದ್ದಿರುತ್ತದೆ. ಸಿಪ್ಪೆಯ ಒಳಗಿನದ್ದನ್ನು ಯಾರೂ ಮುಟ್ಟಿರುವುದಿಲ್ಲ, ಲೇಬಲ್ ಓದುವ ಗೊಡವೆಯೂ ಇಲ್ಲ. ಬಾಳೆಹಣ್ಣೂ ಆಗುತ್ತದೆ. "ಹುಟ್ಟುಹಬ್ಬಕ್ಕೆ ಬಾಳೆಹಣ್ಣಾ?" ಎಂದು ಮಗಳು ಮುಖ ಸಣ್ಣ ಮಾಡಬಹುದು, ಅದೂ ಸಹಜ. ಸಿಹಿಯೇ ಬೇಕೆಂದರೆ ಬರೀ ಸಕ್ಕರೆಯ ಮಿಠಾಯಿ ನೋಡಿ, ಲೇಬಲ್ ಇರುವ ಸೀಲ್ ಪ್ಯಾಕೆಟ್ಟಿನದು. ಜಾತ್ರೆಯ ಬತ್ತಾಸೂ ಬರೀ ಸಕ್ಕರೆಯೇ, ನಿಜ. ಆದರೆ ಅಂಗಡಿಯಲ್ಲಿ ಅದರ ಪಕ್ಕದ ಬುಟ್ಟಿಯಲ್ಲೇ ಹುರಿದ ಶೇಂಗಾ ಇರುತ್ತದೆ, ತೂಗುವ ತಕ್ಕಡಿಯೂ ಒಂದೇ. ಅದಕ್ಕೇ ಬಿಡಿ ಬತ್ತಾಸು ಬೇಡ ಅಂತೀನಿ. ತಿನಿಸಿನ ಬದಲು ಪೆನ್ಸಿಲ್ ಕೊಡಿ, ತರಗತಿಗೆ ಒಂದು ಕಥೆ ಪುಸ್ತಕ ಕೊಡಿ ಎನ್ನುವವರೂ ಇದ್ದಾರೆ. ಅದೂ ಒಳ್ಳೆಯದೇ, ಯಾವ ಮಗುವೂ ಹೊರಗೆ ಉಳಿಯುವುದಿಲ್ಲ. ಆದರೂ ಕೂಡಿ ತಿನ್ನುವುದರಲ್ಲಿ ಒಂದು ಸುಖ ಇದೆ. ಅದನ್ನು ಪೂರ್ತಿ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು ಆ ಹುಡುಗನ ತಾಯಿಗೆ ಫೋನ್ ಮಾಡಿ. ನಿಮ್ಮ ಪತ್ರದಲ್ಲಿ ಟೀಚರ್ ಇದ್ದಾರೆ, ಅತ್ತೆ ಇದ್ದಾರೆ, ಆ ತಾಯಿ ಇಲ್ಲ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. "ನಮ್ಮ ಹುಡುಗಿ ಹುಟ್ಟುಹಬ್ಬ ಅದರಿ, ನಿಮ್ಮ ಹುಡುಗನೂ ತಿನ್ನುವಂಥದ್ದು ಏನು ತರಲಿ?" ಎಂದು ಕೇಳಿ. ಕೊಳ್ಳುವ ಪ್ಯಾಕೆಟ್ಟಿನ ಹಿಂಬದಿಯ ಫೋಟೊ ತೆಗೆದು ವಾಟ್ಸಾಪ್ ಮಾಡಿ. ನನ್ನ ತಂಗಿಗೆ ಇಂಥ ಒಂದು ಫೋನ್ ಬಂದದ್ದು ಹುಡುಗ 4ನೇ ತರಗತಿಗೆ ಬಂದಾಗ. ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಅವತ್ತು ರಾತ್ರಿ ಅವಳು ನನಗೆ ಫೋನ್ ಮಾಡಿ ಅದೊಂದನ್ನೇ ಮೂರು ಸಲ ಹೇಳಿದಳು.

ಒಬ್ಬನಿಗಾಗಿ ಉಳಿದವರಿಗೆ ಯಾಕೆ ತಪ್ಪಿಸಬೇಕು ಎಂಬ ಮಾತು ಉಳಿಯಿತು. ಮಕ್ಕಳಿಗೆ ತಪ್ಪುವುದು ಒಂದು ದಿನದ ಶೇಂಗಾ ಉಂಡಿ. ಅವರಿಗೆ ಅದು ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಮಕ್ಕಳು ಇದನ್ನು ದೊಡ್ಡವರಷ್ಟು ದೊಡ್ಡದು ಮಾಡುವುದೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಸೇರಿ ನಮ್ಮ ಭಾಗದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರಲ್ಲ, ತಿನ್ನದವರಿಗೆ ಬಾಳೆಹಣ್ಣು. ಹೊರಗೆ ದೊಡ್ಡವರು ವಾದ ಮಾಡಿದ್ದೇ ಮಾಡಿದ್ದು. ನಾನು ನೋಡಿದ ಶಾಲೆಗಳಲ್ಲಿ ಮೊಟ್ಟೆ ತಿನ್ನುವವರು, ಹಣ್ಣು ತಿನ್ನುವವರು ಪಕ್ಕಪಕ್ಕ ಕೂತು ತಿಂದು ಆಟಕ್ಕೆ ಓಡುತ್ತಿದ್ದರು. ಅಲ್ಲಿ ಹಣ್ಣು ತಿನ್ನುವವರು ಒಬ್ಬರೇ ಇರಲಿಲ್ಲ, ಯಾರನ್ನೂ ಮುಂದಕ್ಕೆ ಕರೆದು ನಿಲ್ಲಿಸಿರಲಿಲ್ಲ. ನಿಮ್ಮ ಮಗಳ ತರಗತಿಯ ಹುಡುಗ ಒಬ್ಬನೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಟೀಚರ್‌ಗೂ ಒಂದು ಮಾತು ಹೇಳಿ. ತಿಂದಮೇಲೆ ಎಲ್ಲ ಮಕ್ಕಳೂ ಸೋಪು, ನೀರಿನಲ್ಲಿ ಕೈ ತೊಳೆಯಲಿ. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾದ ಅಂಶ ಹೋಗುವುದಿಲ್ಲ. ಅಲರ್ಜಿ ಎದ್ದರೆ ಏನು ಮಾಡಬೇಕು ಎಂದು ಹುಡುಗನ ಡಾಕ್ಟರ್ ಬರೆದುಕೊಟ್ಟ ಚೀಟಿ ತರಗತಿಯಲ್ಲೇ ಇರಲಿ, ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಉಪಯೋಗವಿಲ್ಲ. ಪಿತ್ತ ಎದ್ದಿದೆ ಎಂದು ಕಂಬಳಿ ಹೊದಿಸಿ ಮಲಗಿಸುವ ರೂಢಿ ನಮ್ಮಲ್ಲಿದೆ. ಗಂಧೆಯ ಜೊತೆ ಕೆಮ್ಮು, ಉಬ್ಬಸ, ದನಿ ಬದಲಾಗುವುದು, ಮೇಲಿಂದ ಮೇಲೆ ವಾಂತಿ, ತಲೆ ಸುತ್ತು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ತಕ್ಷಣ 108ಕ್ಕೆ ಫೋನ್ ಮಾಡಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಕ್ಕಿಡಬೇಕು, ಉಸಿರಾಡಲು ಕಷ್ಟವಾದರೆ ಕೂರಿಸಬೇಕು, ನಡೆಸಲೇಬಾರದು. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಉಸಿರು ಕಟ್ಟುವುದನ್ನು ತಡೆಯುವುದಿಲ್ಲ. ಅದಕ್ಕೆ ತೊಡೆಗೆ ಕೊಡುವ ಅಡ್ರಿನಲಿನ್ನೇ ಬೇಕು. ಹೊರದೇಶಗಳಲ್ಲಿ ಅದು ಪೆನ್ನಿನಂಥ ಸಾಧನದಲ್ಲಿ ಮಗುವಿನ ಚೀಲದಲ್ಲೇ ಇರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಆಸ್ಪತ್ರೆಯಲ್ಲೇ ಕೊಡಬೇಕು. ಅದಕ್ಕೇ ಆ ಮೊದಲ ಹತ್ತು ನಿಮಿಷ ಇಷ್ಟು ಮುಖ್ಯ.

ಸಿಹಿ ಹಂಚುವ ದಿನ ಮಗಳಿಗೆ ಒಂದು ಹೇಳಿ ಕಳಿಸಿ. ಆ ಹುಡುಗನಿಗೆ ಮೊದಲೂ ಬೇಡ, ಕೊನೆಗೂ ಬೇಡ. ಅವನು ಕೂತ ಸಾಲು ಬಂದಾಗ, ಎಲ್ಲರಿಗೂ ಕೊಟ್ಟ ಹಾಗೆಯೇ ಕೊಡಲಿ. ಏನು ಹಂಚಿದಿರಿ, ಅತ್ತೆ ಏನೆಂದರು ಎಂದು ನನಗೆ ಒಂದು ಕಾರ್ಡು ಹಾಕಿ. ಮಗಳಿಗೆ ನನ್ನ ಆಶೀರ್ವಾದ ತಿಳಿಸಿ.

— ಸಂಪಾದಕ